ಗಿಟುಕಾಗುವ ತನಕ

ನಯಾಪೈಸೆ ಬಂದ ವರ್ಷದ ಮಾತು. ಅರಸೀಕೆರೆ ಪಕ್ಕದ ನಮ್ಮೂರಿನ ಹುಚ್ಚಮ್ಮನಿಗೆ ಮಕ್ಕಳಿರಲಿಲ್ಲ, ಒಳ್ಳೆಯ ತೆಂಗಿನ ತೋಟವಿತ್ತು. ಗೆಂಡೆಹಳ್ಳಿಯಿಂದ ತಮ್ಮನ ಮಗ ಚನ್ನಪ್ಪನನ್ನೂ ಅವನ ಹೆಂಡತಿ ಬೋರಮ್ಮನನ್ನೂ ಕರೆಸಿದಳು. ಚನ್ನಪ್ಪ ಕೆಟ್ಟವನಲ್ಲ. ಬಾಯಿ ಮಾತ್ರ ಕೆಟ್ಟದ್ದು. ಅವನು ಎತ್ತಿಗೆ ಬೈದರೆ ಪಕ್ಕದ ಹೊಲದ ಎತ್ತೂ ನಿಂತುಬಿಡುತ್ತಿತ್ತು.

"ಲೋ ಚನ್ನ, ಬಾವಿ ಪಕ್ಕದ ಹತ್ತು ಮರ ಈಗ್ಲೇ ಬರ್ಕೊಡ್ತೀನಿ, ತಗೊಂಡು ಊರಿಗೋಗು. ಇಲ್ಲಾಂದ್ರೆ ಇವತ್ತು ಅಟ್ಟಕ್ಕಾಕಿರೋ ಕಾಯಿ ಗಿಟುಕಾಗೋಗಂಟ ಇಲ್ಲೇ ಇರು. ಅಲ್ಲೀಗಂಟ ಒಂದ್ಸಲಾನೂ ಕೂಗಾಡ್ದೆ ಇದ್ರೆ ಇಡೀ ತೋಟ ನಿಂದು. ಕೂಗಾಡಿದ್ಯೋ, ಒಂದು ಗರೀನೂ ಇಲ್ಲ. ನಿನ್ನ ಬಾಯಿಗೆ ಯಾವ ಆಳು ನಿಂತಾನು?" ಅಂದಳು ಹುಚ್ಚಮ್ಮ.

ಬೋರಮ್ಮ ಗಂಡನ ಪಂಚೆ ಜಗ್ಗಿದಳು. "ಹತ್ತು ಮರಾನೇ ಸಾಕು ಕಣ್ರೀ. ನಿಮ್ಮ ಬಾಯಿ ನಂಗೊತ್ತಿಲ್ವಾ?"

"ಸುಮ್ಕಿರೇ! ತೋಟಾನೇ ಬತ್ತೈತೆ, ಹತ್ತು ಮರ ಅಂತಾಳೆ!" ಎಂದ ಚನ್ನಪ್ಪ.

ಕಾಯಿ ಗಿಟುಕಾಗುವುದೆಂದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅನ್ನುವುದು. ಹತ್ತಿರ ಹತ್ತಿರ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಅಟ್ಟದ ಕಾಯನ್ನು ಯಾರೂ ಮುಟ್ಟುವುದಿಲ್ಲ, ಅಲುಗಿದರೆ ಕೊಳೆಯುತ್ತದೆ. ಇದು ನಮ್ಮೂರ ತೊಟ್ಟಿಲ ಕೂಸಿಗೂ ಗೊತ್ತು. ರಾಗಿ ಭತ್ತದ ಊರಿನ ಚನ್ನಪ್ಪನಿಗೆ ಗೊತ್ತಿರಲಿಲ್ಲ. ಅವನು ಕೇಳಲೂ ಇಲ್ಲ.

ಹುಚ್ಚಮ್ಮ ಕಾಡಿದಳು. ಉಪ್ಪಿಲ್ಲದ ಸಾರು ಬಡಿಸಿದಳು. ವೀಳ್ಯದೆಲೆ ಎಳೆಯದಾಯಿತು, ಬಲಿತದ್ದಾಯಿತು ಎಂದು ಒಂದೇ ಅಂಗಡಿಗೆ ಮತ್ತೆ ಮತ್ತೆ ಅಟ್ಟಿದಳು. ನೆಂಟರೆದುರು "ಇವನೇ ನೋಡಿ, ಗೆಂಡೆಹಳ್ಳಿ ಕೋಣ" ಅಂದಳು. ಚನ್ನಪ್ಪನ ಕಿವಿ ಕೆಂಪಾಗುತ್ತಿತ್ತು. "ಆಯ್ತು ಅತ್ತೆ" ಎಂದು ಸೀದಾ ಅಟ್ಟ ಹತ್ತುತ್ತಿದ್ದ. ಆಮೇಲೆ ಮೇಲಿನಿಂದ ದಬದಬ ಸದ್ದು.

"ಅದೇನ್ಲಾ ಸದ್ದು?"

"ಇಲಿ ಕಣತ್ತೆ, ಓಡಿಸ್ತಿದ್ದೆ!"

ಕಾಯಿಗಳನ್ನು ಗೋಡೆಗೆ ಎಸೆದು, ಒದ್ದು, ಬೆವರೊರೆಸಿಕೊಂಡು ಹಸುವಿನಂತೆ ಇಳಿದು ಬರುತ್ತಿದ್ದ. ಊರಿನವರೆಲ್ಲ ಚನ್ನಪ್ಪ ಸಾಧುವಾದ ಅಂದರು. ನಾನೂ ಅಂದೆ.

ಗಡುವು ಬಂತು. ಅರಸೀಕೆರೆಯಿಂದ ಕೊಬ್ಬರಿ ವ್ಯಾಪಾರಿ ಕರಿಬಸವಯ್ಯ ಬಂದ. ಮೊದಲ ಕಾಯಿ ಅಲುಗಿಸಿದ, ಸದ್ದಿಲ್ಲ. ಒಡೆದ. ನಾತಕ್ಕೆ ನಾವೆಲ್ಲ ಜಗಲಿಯಿಂದ ಕೆಳಗೆ ಹಾರಿದೆವು. ಇನ್ನೊಂದು ಒಡೆದ, ಅದೂ ಕಪ್ಪು. ಮೂಗು ಮುಚ್ಚಿಕೊಂಡೇ ಕೇಳಿದ: "ಏನ್ ಹುಚ್ಚಮ್ಮೋರೇ, ಅಟ್ಟದಾಗೆ ಕಾಯಿ ಇಟ್ಟಿದ್ರೋ, ಕುಸ್ತಿ ಆಡ್ಸಿದ್ರೋ?"

ಹುಚ್ಚಮ್ಮ ಸೋದರಳಿಯನ ಮುಖ ನೋಡಿದಳು. ಇಲಿ ಯಾವುದೆಂದು ಅವಳಿಗೆ ಗೊತ್ತಾಯಿತು. "ಕಾಯಿ ಗಿಟುಕಾಗ್ಲಿಲ್ಲ. ಅಂದ್ಮೇಲೆ ಗಡುವೂ ಮುಗೀಲಿಲ್ಲ. ಹೊಸ ಕಾಯಿ ಏರ್ಸು, ಇನ್ನೊಂದು ವರ್ಷ ಇರು."

ಚನ್ನಪ್ಪ ಬಾಯಿ ತೆರೆದ. ಒಂದು ವರ್ಷದ ಬೈಗುಳ ಒಟ್ಟಿಗೆ ಹೊರಬಿತ್ತು. ಉಪ್ಪಿಲ್ಲದ ಸಾರು, ವೀಳ್ಯದೆಲೆ, ಕೋಣ, ಒಂದನ್ನೂ ಬಿಡಲಿಲ್ಲ. ಕರಿಬಸವಯ್ಯನ ಗಾಡಿಯ ಎತ್ತುಗಳು ನೊಗ ಕಿತ್ತುಕೊಂಡು ಓಡಿದವು. ಗಂಟಲು ಕಟ್ಟಿದ ಮೇಲೆ ನಿಲ್ಲಿಸಿದ.

"ಮುಗೀತಾ? ತೋಟಾನೂ ಮುಗೀತು" ಅಂದಳು ಹುಚ್ಚಮ್ಮ.

"ಆ ಹತ್ತು ಮರನಾದ್ರೂ..."

"ಕೊಡ್ತೀನಿ. ನಿಂಗಲ್ಲ, ಬೋರಮ್ಮಂಗೆ. ಅವತ್ತೇ ಸಾಕು ಅಂದಿದ್ಲು."

ಬೋರಮ್ಮ ಸೆರಗು ಸಿಕ್ಕಿಸಿಕೊಂಡು ಅತ್ತೆಯ ಕಾಲಿಗೆ ಬಿದ್ದು ಎದ್ದಳು. ಗಂಡನ ಕಡೆ ತಿರುಗಿದಳು. "ಇನ್ಮೇಲೆ ನನ್ನ ತೋಟದಾಗೆ ಕೂಗಾಡಂಗಿಲ್ಲ, ಆಳುಗಳು ಓಡೋಯ್ತಾರೆ."

ಚನ್ನಪ್ಪನ ಕಿವಿ ಕೆಂಪಾಯಿತು. ಅಟ್ಟದ ಕಡೆ ದಾಪುಗಾಲು ಹಾಕಿದ. ಹುಚ್ಚಮ್ಮ ಅಷ್ಟರಲ್ಲಾಗಲೇ ಏಣಿ ತೆಗೆಸಿದ್ದಳು.