ಗೆರೆಯ ಮುಂದೆ ಯಾರಿದ್ದೀರಿ

ಗುರಿ ಹಿಡಿಯುವ ಹೊಸ ಸೈಟ್ ಮಾರಲು ದೊಡ್ಡಪ್ಪನ ಶೂಟಿಂಗ್ ಶಾಲೆಗೆ ಬಂದವನು ಅದನ್ನು ಅವರ ಏರ್ ರೈಫಲ್ ಮೇಲೆ ಕೂರಿಸಿ, ನಳಿಕೆಯ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಒಂದನ್ನು ಬಿಗಿದ. ಗುಂಡು ಹಾರುವ ಮುಂಚೆ ಗುರಿ ಎಲ್ಲೆಲ್ಲಿ ಅಲೆಯಿತು ಎಂಬುದನ್ನು ಅದು ಲ್ಯಾಪ್‌ಟಾಪಿನ ಮೇಲೆ ಹಸಿರು ಗೆರೆಯಾಗಿ ಎಳೆಯುತ್ತಿತ್ತು.

ಮೊದಲು ನಾನು ಹೊಡೆದೆ. ನನ್ನ ಗೆರೆ ಗುರಿಯ ಕಾರ್ಡಿನ ಕಪ್ಪು ಚುಕ್ಕೆಯ ಸುತ್ತ ಅಲೆದು, ದಾಟಿ ಹೋಗಿ, ಮತ್ತೆ ಬಂದು, ಅಂತೂ ಒಂದು ಕಡೆ ನಿಂತಿತು.

"ನೊಣ ಕೂರೋಕೆ ಜಾಗ ಹುಡುಕಿದ ಹಾಗಿದೆ ಮೇಡಂ," ಎಂದ ಅವನು.

"ಮನೇಲಿ ಡಿಗ್ರಿ ಮಾಡಿದವಳು ಇವಳೊಬ್ಬಳೇ," ಎಂದರು ದೊಡ್ಡಪ್ಪ. "ಯೋಚನೆ ಜಾಸ್ತಿ. ರೈಫಲ್‌ಗೂ ಅಂಟಿಕೊಂಡಿದೆ."

ಆಮೇಲೆ ಅವರು ಹೊಡೆದರು. ಗೆರೆ ಮೇಲಿನಿಂದ ನೆಟ್ಟಗೆ ಇಳಿದು, ನಿಂತಿತು. ಗುಂಡು ಚುಕ್ಕೆಯೊಳಗೇ ಬಿದ್ದಿತ್ತು.

"ಕಲ್ಲು ಕಣ್ರೀ ನಿಮ್ಮ ಮೇಷ್ಟ್ರು!" ಎಂದು ಮಾರುವವನು ಕುಣಿದಾಡಿ, ಟೀ ಕುಡಿಯಲು ಹೊರಗೆ ಹೋದ.

ನನಗೆ ಖುಷಿಯಾಗಲಿಲ್ಲ. ಚುಕ್ಕೆಯನ್ನು ನೋಡುವ ಕಣ್ಣು ತಪ್ಪನ್ನೂ ನೋಡುತ್ತದೆ, ತಿದ್ದುತ್ತದೆ. ಅದಕ್ಕೇ ಎಂಥವರ ಗೆರೆಯಾದರೂ ಕೊಂಚ ಅಲೆಯಲೇಬೇಕು. ದೊಡ್ಡಪ್ಪನ ಗೆರೆ ಏನನ್ನೂ ತಿದ್ದಿರಲಿಲ್ಲ.

ಹೊಡೆಯುವವರು ನಿಲ್ಲಲು ನೆಲದ ಮೇಲೆ ಎಳೆದ ಗೆರೆಯನ್ನು ದಾಟಿ, ಮುಂದೆ ಹೋಗಿ ಹಳೆಯ ಕಾರ್ಡ್ ಬಿಚ್ಚಿದೆ. ಹೊಸದನ್ನು ಹಾಕಲಿಲ್ಲ. ಮರದ ಚೌಕಟ್ಟಿನೊಳಗೆ ಬರೀ ಹಲಗೆ ಉಳಿಯಿತು. ವಾಪಸ್ ಬಂದು ಅವರ ಹಿಂದೆ ನಿಂತೆ.

"ಗೆರೆಯ ಮುಂದೆ ಯಾರಿದ್ದೀರಿ?" ಎಂದು ಕೂಗಿದರು. ಪ್ರತಿ ಸಲ ಕೂಗುತ್ತಿದ್ದರು. ಅದನ್ನು ಶಿಸ್ತು ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು.

"ಯಾರೂ ಇಲ್ಲ ದೊಡ್ಡಪ್ಪ."

ಇನ್ನು ಹೊಡೆಯಬಹುದು ಎಂಬ ಸೀಟಿ ಊದಿದರು. ನೆಲದ ಮೇಲೆ ತಾವೇ ಬಳಿದ ಹೆಜ್ಜೆಗುರುತಿನ ಮೇಲೆ ಪಾದವಿಟ್ಟು ರೈಫಲ್ ಎತ್ತಿದರು. ಗೆರೆ ನೆಟ್ಟಗೆ ಇಳಿದು, ನಿಂತಿತು. ಬರೀ ಹಲಗೆಯ ನಟ್ಟನಡುವೆ ತೂತು ಬಿತ್ತು.

"ಕಾರ್ಡ್ ಕೊಡು," ಎಂದು ಕೈ ಚಾಚಿದರು. ಅವರು ಯಾವತ್ತೂ ಕಾರ್ಡನ್ನು ನೋಡುತ್ತಿರಲಿಲ್ಲ. ತೂತಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಕಲಿಯಲು ಬರುವವರು ಅದನ್ನೇ ಅಣಕಿಸಿ ತಮ್ಮತಮ್ಮಲ್ಲೇ ನಗುತ್ತಿದ್ದರು.

ಹೆಬ್ಬೆರಳು ಸುಮ್ಮನೆ ಕಾಯಿತು.

"ಹಾಕಿರಲಿಲ್ಲ, ಅಲ್ವಾ?" ಎಂದರು ಕೊನೆಗೆ.

"ಇಲ್ಲ."

ಅವರು ರೈಫಲ್ಲನ್ನು ಮೇಜಿನ ಮೇಲಿಟ್ಟರು. "ಚೌಕಟ್ಟಿನ ಅಂಚು ಕಾಣುತ್ತೆ. ನಡುವೆ ಮಾತ್ರ, ಎಲ್ಲಿ ನೋಡಿದ್ರೂ, ಏನೂ ಕಾಣಲ್ಲ. ಅಂಚು ಸುತ್ತಲೂ ಸಮ ಬಂದಾಗ ಒತ್ತುತ್ತೀನಿ."

"ದೊಡ್ಡಮ್ಮನಿಗೆ ಗೊತ್ತಾ?"

"ಅವಳ ಮುಖ ನೋಡದೆ ಮಾತಾಡೋದು ನಂಗೆ ಮೊದಲಿಂದ ಅಭ್ಯಾಸ. ಗೊತ್ತಾಗಿಲ್ಲ." ನಗಿಸಲು ನೋಡಿದರು. ನಾನು ನಗಲಿಲ್ಲ.

"ಕಲಿಸೋದಕ್ಕೆ ಕಣ್ಣು ಬೇಡ ಕಣೇ. ಉಸಿರಾಟ ಕೇಳಿದ್ರೆ ಸಾಕು, ಯಾರು ಎಲ್ಲಿ ತಪ್ಪುತ್ತಾರೆ ಅಂತ ಹೇಳ್ತೀನಿ."

"ಸೀಟಿ?"

"ಊದೋ ಮುಂಚೆ ಕೇಳ್ತೀನಲ್ಲ, ಗೆರೆ ಮುಂದೆ ಯಾರಿದ್ದೀರಿ ಅಂತ. ಇದ್ದವರು ಹೇಳ್ತಾರೆ."

"ಹೇಳದಿದ್ರೆ?"

ಹೊರಗೆ ಸೈಕಲ್ಲುಗಳನ್ನು ಗೋಡೆಗೆ ಒರಗಿಸುವ ಸದ್ದಾಯಿತು. ಸಂಜೆಯ ತಂಡ ಬರುತ್ತಿತ್ತು. ಅವರಲ್ಲೊಬ್ಬಳು ಕಾರ್ಡ್ ಬಿಚ್ಚಲು ಹೋದರೆ ಹಾಡು ಗುನುಗುತ್ತ ಅಲ್ಲೇ ನಿಂತುಬಿಡುವವಳು. ಕರೆದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಅವಳ ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಬೇಕಾಗಲಿಲ್ಲ. ದೊಡ್ಡಪ್ಪ ಬಾಗಿಲ ಕಡೆ ಕಿವಿಗೊಟ್ಟಿದ್ದರು. ಗುನುಗು ಅವರಿಗೂ ಕೇಳಿಸಿತ್ತು.

ಅವರು ಕೊರಳಿಂದ ಸೀಟಿಯ ದಾರ ತೆಗೆಯುವಾಗ ಅದು ಕಿವಿಗೆ ಸಿಕ್ಕಿಕೊಂಡಿತು. ಬಿಡಿಸಲು ನಾನು ಕೈ ಹಾಕಲಿಲ್ಲ. ಅಷ್ಟು ಹೊತ್ತಾದರೂ ಅದು ಅವರದಾಗಿಯೇ ಇರಲಿ ಅನ್ನಿಸಿತು. ಆಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ಟೀ ಮುಗಿಸಿ ಬಂದವನು ಬಾಗಿಲಲ್ಲೇ ಕೇಳಿದ. "ಮೇಷ್ಟ್ರೇ, ಸೈಟ್ ಹೇಗಿದೆ?"

"ಚೆನ್ನಾಗಿದೆ," ಎಂದರು ದೊಡ್ಡಪ್ಪ. "ಸ್ವಲ್ಪ ಜಾಸ್ತಿನೇ ನೋಡುತ್ತೆ."