ಅಪ್ರದಕ್ಷಿಣೆ

"ಹಲ್ಕಟ್ ಸೂಳಿಮಗನ, ಗುಡ್ಯಾಗ ಸುತ್ತು ಹೆಂಗ ಹಾಕತಾರ ಅನ್ನೂದರ ಗೊತ್ತೈತೇನಲೇ ನಿನಗ?"

ಸಾಹುಕಾರ ಅಂದಾನಪ್ಪ ಕೇಳಿದ. ಹೊನ್ನೇಶನಿಗೆ ಗೊತ್ತಿರುವುದಾದರೂ ಹೇಗೆ? ಅವರ ಕೇರಿಯವರು ಗುಡಿಯ ಹೊರಗೆ ನಿಂತೇ ಕೈಮುಗಿದವರು. ಸುತ್ತು ಹಾಕುವವರನ್ನು ದೂರದಿಂದ ನೋಡಿದ್ದ, ಅಷ್ಟೇ.

ಬೆಟಗೇರಿಯಲ್ಲಿ ಅಂದಾನಪ್ಪನ ಬಡಗಿ ಕೆಲಸದ ಶೆಡ್ಡು. ಮೇಜಿನ ಮೇಲೆ ಮೂರು ಅಡಿ ಅಗಲದ, ದುಂಡನೆಯ ಸಾಗವಾನಿ ಪೀಠ. ಮುಂಡರಗಿ ರಸ್ತೆಯ ಹೊಸ ಗುಡಿಯ ದೇವರು ನಾಡಿದ್ದು ಅದರ ಮೇಲೆ ಕೂಡುವವನಿದ್ದ. ಹೊನ್ನೇಶ ಕೆಳಗಿನಿಂದ ಸ್ಕ್ರೂ ಹಾಕಿ ಅದನ್ನು ಮೇಜಿಗೆ ಬಿಗಿದಿದ್ದ. ಎರಡೂ ಕೈಯಲ್ಲಿ ಹಿಡಿದು ನಡೆಸುವ, ಅಲಗು ತಿರುಗಿ ಕಟ್ಟಿಗೆ ಕೊರೆಯುವ ರೌಟರ್ ಮಿಷನ್ನನ್ನು ಅಂಚಿನ ಸುತ್ತ ಹಾಯಿಸಿ ನುಣ್ಣಗೆ ಗುಂಡಗೆ ಮಾಡುವುದಷ್ಟೇ ಬಾಕಿ. ಆಗ ಬಂದರು ಪೂಜಾರಿ ಅನಂತಭಟ್ಟರು. ಬಾಗಿಲಲ್ಲೇ ನಿಂತು, ಮಿಷನ್ನು ಪೀಠವನ್ನು ಯಾವ ಕಡೆಗೆ ಸುತ್ತುತ್ತದೆ ಎಂದು ಕೇಳಿದರು. ಹೊನ್ನೇಶ ಎಡಸುತ್ತಾಗಿ ಕೈಯಾಡಿಸಿ ತೋರಿಸಿದ್ದೇ ತಪ್ಪಾಯಿತು.

"ಅದು ಅಪ್ರದಕ್ಷಿಣಿ ಆಗತದ," ಎಂದರು ಭಟ್ಟರು. "ದೇವರ ಪೀಠಕ್ಕ ಹಂಗ ತಿರುಗಬಾರದು. ಗಡಿಯಾರದ ಮುಳ್ಳು ಹೋದಂಗ ಹೋಗ್ಲಿ. ನಿನ್ನ ಕೈ ಮುಟ್ಟಿದ್ದಕ್ಕ ಹೆಂಗೂ ನಾಳಿ ಶುದ್ಧಿ ಮಾಡಾಂವ ಇದ್ದೇನಿ. ಇದಕ್ಕ ಶುದ್ಧಿ ಇಲ್ಲ."

"ಭಟ್ರ, ಮಿಷನ್ನಿನ ಅಲಗೂ ಗಡಿಯಾರದ ಮುಳ್ಳಿನಂಗ ತಿರುಗತೈತ್ರಿ. ಹೊರಗಿನ ಅಂಚಿಗೆ ನಾವೂ ಅದ ಕಡೆ ಹೊಂಟ್ರ ಅದು ಕಟಗಿ ಕೊರ್ಯಾಂಗಿಲ್ರಿ, ಗಾಲಿ ಉಳ್ಳಿದಂಗ ಓಡತೈತಿ. ಕೈ ಎಳಕೊಂಡು ಹೋಗತೈತಿ. ಎದುರು ಹೋದ್ರಷ್ಟ ಹಿಡಿತದಾಗ ಇರತೈತ್ರಿ."

"ನಿನ್ನ ಮಿಷನ್ ಸಲುವಾಗಿ ಶಾಸ್ತ್ರ ಬದಲಿ ಮಾಡ್ಲೇನು?"

ಭಟ್ಟರು ಮುನಿಸಿಕೊಂಡರೆ ಗುಡಿಯ ಬಾಗಿಲು ಚೌಕಟ್ಟುಗಳ ಕೆಲಸವೆಲ್ಲ ಬೇರೆಯವರ ಪಾಲು. ಅಂದಾನಪ್ಪನಿಗೆ ಅದು ಚೆನ್ನಾಗಿ ಗೊತ್ತು. "ಅವರು ಹೇಳಿದಂಗ ಹೊಡಿ," ಎಂದ. "ಒಲ್ಲೆ ಅಂದ್ರ ಚಪ್ಪಲಿ ಮೆಟ್ಟಿ ನಡಿ. ಲಕ್ಷ್ಮೇಶ್ವರದತನಕ ಯಾವ ಶೆಡ್ಡಿನ್ಯಾಗೂ ನಿನ್ನ ನಿಂದ್ರಿಸಿಕೊಳ್ಳದಂಗ ಮಾಡತೇನಿ."

ಹೊನ್ನೇಶನಿಗೆ ಹೆದರಿಕೆಯಾಯಿತು. ಅವನಿಗೆ ಕೆಲಸ ಕಲಿಸಿದ ಮುರ್ತುಜಾ ಹೋದ ವರ್ಷ ಇದೇ ಶೆಡ್ಡಿನಲ್ಲಿ, ಇದೇ ಅಂದಾನಪ್ಪನ ಅವಸರಕ್ಕೆ, ಮಿಷನ್ನು ಅಲಗಿನ ದಿಕ್ಕಿಗೇ ಹಾಯಿಸಲು ಹೋಗಿ ಬಲಗೈಯ ಮೂರು ಬೆರಳು ಕಳಕೊಂಡಿದ್ದ. ಕಟ್ಟಿಗೆಯ ಹೊಟ್ಟಿನಲ್ಲಿ ಅವನ್ನು ಹುಡುಕಿದವನು ಹೊನ್ನೇಶ. ಎರಡು ಸಿಕ್ಕವು. ಮಾರನೆಯ ದಿನ ಅಂದಾನಪ್ಪ ಮಿಷನ್ನಿಗೆ ಊದಿನಕಡ್ಡಿ ಬೆಳಗಿ ಕಾಯಿ ಒಡೆಸಿದ. ಮುರ್ತುಜಾನ ಮನೆಯ ಕಡೆ ತಲೆ ಹಾಕಲಿಲ್ಲ.

ಹೊನ್ನೇಶ ಕಣ್ಣಿಗೆ ಕನ್ನಡಕ ಏರಿಸಿದ. ಎರಡೂ ಹಿಡಿಕೆ ಬಿಗಿಹಿಡಿದು ಸ್ವಿಚ್ಚು ಒತ್ತಿ, ಭಟ್ಟರು ಹೇಳಿದ ಕಡೆಗೇ ಒಂದು ಗೇಣು ಹೋದ. ಅಲ್ಲಿಂದ ಮುಂದೆ ಮಿಷನ್ನು ಅವನ ಮಾತು ಕೇಳಲಿಲ್ಲ. ಅಂಚನ್ನು ಕಚ್ಚಿ ಜಿಗಿಯಿತು, ಎರಡೂ ತೋಳು ಕೀಳುವಂತೆ ಎಳೆಯಿತು, ಅಂಗಿಯ ತುದಿ ಹರಿಯಿತು. ಹೇಗೋ ಸ್ವಿಚ್ಚು ಆರಿಸಿದ. ಅಲಗು ತಿರುಗುವುದು ಪೂರಾ ನಿಲ್ಲುವವರೆಗೂ ಮಿಷನ್ನು ಕೆಳಗಿಡಲಿಲ್ಲ. ಇಟ್ಟ ಮೇಲೆ ಹೊಟ್ಟೆ ಮುಟ್ಟಿ ನೋಡಿಕೊಂಡ. ರಕ್ತ ಇರಲಿಲ್ಲ.

ಅಂದಾನಪ್ಪ ಬಂದು ಕಪಾಳಕ್ಕೆ ಬಿಗಿದ. ಪೀಠದ ಅಂಚಿನಲ್ಲಿ ಬೆರಳಗಲದ ಗಾಯ ಬಿದ್ದಿತ್ತು. "ದೇವರ ಕಟಗಿ ಕಡದ್ಯಲ್ಲಲೇ ಭಾಡ್ಯಾ."

"ಮನಸಿನ್ಯಾಗ ಭಕ್ತಿ ಇಲ್ಲ, ಅದಕ್ಕ ಹಿಂಗಾತು," ಎಂದರು ಭಟ್ಟರು. "ದೇವರ ಹೆಸರು ತಗೊಂಡು ಇನ್ನೊಮ್ಮೆ ಹಚ್ಚಲಿ."

"ಹಿಡಕಿ ನೀವು ಹಿಡೀರಿ, ಭಟ್ರ. ಹೆಸರು ನಾ ತಗೋತೇನಿ."

ಹೊನ್ನೇಶನ ಬಾಯಿಂದ ಅದು ಬಂದೇಬಿಟ್ಟಿತು. ಭಟ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಅಂದಾನಪ್ಪ ಮೂಲೆಯಲ್ಲಿದ್ದ ಕಟ್ಟಿಗೆಯ ಪಟ್ಟಿ ಎತ್ತಿಕೊಂಡ. ಹೊನ್ನೇಶನಿಗೆ ಓಡಬೇಕೆನ್ನಿಸಿತು, ಬಾಗಿಲಲ್ಲಿ ಭಟ್ಟರಿದ್ದರು. ಮಿಷನ್ನು ಎತ್ತಿ ಚಾಲೂ ಮಾಡಿದ.

ಈ ಸಲ ಎದುರು ದಿಕ್ಕಿಗೆ ಹೊರಟ. ಇಬ್ಬರ ಬಾಯಿಗಳೂ ತೆರೆದು ಮುಚ್ಚಿದವು, ಆ ಸದ್ದಿನಲ್ಲಿ ಬೈಗಳು ಯಾವುದು ಮಂತ್ರ ಯಾವುದು ತಿಳಿಯಲಿಲ್ಲ. ಹೊಟ್ಟು ಹಾರಿ ಭಟ್ಟರ ಶಲ್ಯದ ಮೇಲೆ ಬಿತ್ತು. ಪಟ್ಟಿ ಹಿಡಿದ ಅಂದಾನಪ್ಪ ಮುಂದೆ ಬಂದ, ತಿರುಗುವ ಅಲಗು ಕಂಡು ಅಲ್ಲೇ ನಿಂತ. ಮುರ್ತುಜಾನ ಕೈಯನ್ನು ಅವನೂ ನೋಡಿದ್ದನಲ್ಲ. ಮಿಷನ್ನು ಸೌಮ್ಯವಾಗಿ ಕೊರೆಯುತ್ತ ಹೋಯಿತು. ಗಾಯವೊಂದನ್ನು ಬಿಟ್ಟು ಅಂಚು ನುಣ್ಣಗೆ ಬಂತು.

ಸುತ್ತು ಮುಗಿಯಿತು. ಇನ್ನು ಸ್ವಿಚ್ಚು ಆರಿಸಬೇಕು. ಸದ್ದು ನಿಂತರೆ ಪಟ್ಟಿ ಬೀಳುತ್ತದೆ, ಕೆಲಸ ಹೋಗುತ್ತದೆ, ಆಮೇಲೆ ಇನ್ನೂ ಏನೇನೋ. ಅಂದಾನಪ್ಪ ಅವನ ಮೇಲಿನ ಕಣ್ಣು ಕೀಳದೆ, ಮಿಷನ್ನಿನ ವೈರು ಕೀಳಲು ಗೋಡೆಯ ಕಡೆ ಅಡ್ಡಡ್ಡ ಹೆಜ್ಜೆ ಇಡತೊಡಗಿದ. ಹೊನ್ನೇಶ ಹಿಡಿಕೆಗಳನ್ನು ಇನ್ನಷ್ಟು ಬಿಗಿಹಿಡಿದು ಎರಡನೆಯ ಸುತ್ತಿಗೆ ಹೊರಟ, ಭಟ್ಟರಿಗೆ ಚೆನ್ನಾಗಿ ಕಾಣುವ ಹಾಗೆ, ಉಲ್ಟಾ.