ಎಡಗಣ್ಣಿನ ಕೆಂಪು ನಕ್ಷತ್ರ

ದೊಡ್ಡಮ್ಮ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ತಾರಸಿಯ ಮೇಲೆ ದೂರದರ್ಶಕ ಇಟ್ಟುಕೊಂಡು ಒಂದೇ ಒಂದು ಕೆಂಪು ನಕ್ಷತ್ರದ ಬೆನ್ನು ಬಿದ್ದಿದ್ದಳು. ಆ ನಕ್ಷತ್ರ ಉಬ್ಬುತ್ತದೆ, ಕುಗ್ಗುತ್ತದೆ, ಜೊತೆಗೆ ಬೆಳಕೂ ಏರಿಳಿಯುತ್ತದೆ. ಹೀಗೆ ಒಂದು ಸುತ್ತು ಮುಗಿಯಲು ವರ್ಷದ ಮೇಲೇ ಹಿಡಿಯುತ್ತದೆ. ಪಕ್ಕದ ಎರಡು ಬಿಳಿ ನಕ್ಷತ್ರಗಳಿಗೆ ಹೋಲಿಸಿ, ಇದಕ್ಕಿಂತ ಮಂಕು, ಅದಕ್ಕಿಂತ ಜೋರು ಎಂದು ಕಣ್ಣಂದಾಜಿನಲ್ಲೇ ಅಳೆಯುವುದು ಅವಳ ಪದ್ಧತಿ. ಹೀಗೆ ಅಳೆದೂ ಅಳೆದೂ ಒಂದು ಸಂಗತಿ ಕಂಡುಹಿಡಿದಿದ್ದಳು: ಸುತ್ತಿನಿಂದ ಸುತ್ತಿಗೆ ನಕ್ಷತ್ರದ ಬೆಳಕು ಚೂರುಚೂರೇ ಏರುತ್ತಿದೆ. ಖಗೋಳ ಸಂಘದವರು ಅದನ್ನು ಅವಳ ಹೆಸರಿನಲ್ಲೇ ಅಚ್ಚು ಹಾಕಿಸುವವರಿದ್ದರು. ಬಾಳಿಗೆಲ್ಲ ಇದೊಂದು ಸಾಕು ಎಂದುಕೊಂಡಿದ್ದಳು ದೊಡ್ಡಮ್ಮ.

ಅಷ್ಟರಲ್ಲಿ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದ ತಂಗಿಯ ಮಗಳು ಕ್ಯಾಮೆರಾ ಹಿಡಿದು ಬಂದಳು. ಒಂದಿಡೀ ಸುತ್ತು ಅಳೆದು, "ದೊಡ್ಡಮ್ಮಾ, ಏನೂ ಏರಿಲ್ಲ. ನೀನು ಮೊದಮೊದಲು ಅಳೆದಾಗ ಎಷ್ಟಿತ್ತೋ ಈಗ್ಲೂ ಅಷ್ಟೇ ಇದೆ" ಅಂದಳು.

"ಹೋಗೇ! ಆ ಡಬ್ಬಕ್ಕೇನು ಗೊತ್ತು ಕೆಂಪು ಬಣ್ಣ?"

ಹುಡುಗಿ ಫಿಲ್ಟರ್ ಬದಲಿಸಿದಳು. ಉತ್ತರ ಬದಲಾಗಲಿಲ್ಲ. "ಕೆಂಪು ನಕ್ಷತ್ರ ದಿಟ್ಟಿಸಿದಷ್ಟೂ ಜೋರಾಗಿ ಕಾಣತ್ತೆ. ನೀನೇನಾದ್ರೂ..."

"ಅದು ಹೊಸಬರು ಮಾಡೋ ತಪ್ಪು. ನಂಗೇ ಪಾಠ ಹೇಳ್ತೀಯಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಇಬ್ಬರೂ ಜಗ್ಗಲಿಲ್ಲ, ಮಾತೂ ನಿಂತಿತು.

ಇದರ ನಡುವೆ ದೊಡ್ಡಮ್ಮನ ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಡಾಕ್ಟರು ಹೂಂ ಅಂದದ್ದೇ ತಡ, ತಾರಸಿ ಹತ್ತಿದಳು. ಬಲಗಣ್ಣಿಗೆ ಆ ಬಿಳಿ ನಕ್ಷತ್ರಗಳು ಫಳಫಳ ಹೊಳೆದವು. ಕೆಂಪಿನದು ಅವುಗಳ ಮುಂದೆ ಮಂಕು, ಕ್ಯಾಮೆರಾ ಹೇಳಿದಷ್ಟೇ. ಎಡಗಣ್ಣಿಗೆ ಬಿಳಿಯವೇ ಮಂಕು, ಕೆಂಪಿನದು ಜೋರು, ತಾನು ಹೇಳಿದಷ್ಟೇ. ಮತ್ತೆ ಬಲಗಣ್ಣು, ಮತ್ತೆ ಎಡಗಣ್ಣು. ಹಳದಿಗಟ್ಟಿದ ಪೊರೆ ಕೆಂಪನ್ನು ಹಾಗೇ ಬಿಟ್ಟು, ಬಿಳಿಯವುಗಳ ಬೆಳಕನ್ನು ವರ್ಷವರ್ಷವೂ ಇಷ್ಟಿಷ್ಟೇ ತಿಂದುಹಾಕಿತ್ತು.

ಅಯ್ಯೋ, ಎಂಥ ಸಂಕಟ ಅದು! ಮೆಟ್ಟಿಲ ಮೇಲೆ ಕೂತು ಸ್ವಲ್ಪ ಅತ್ತಳು. ಆಮೇಲೆ ತಂಗಿಯ ಮಗಳಿಗೆ ತಾನೇ ಫೋನ್ ಮಾಡಿದಳು. "ಏರಿದ್ದು ನಕ್ಷತ್ರ ಅಲ್ಲ ಕಣೇ, ನನ್ನ ಪೊರೆ. ಅಚ್ಚು ಹಾಕ್ಬೇಡಿ ಅಂತ ಸಂಘಕ್ಕೆ ಹೇಳಿಬಿಟ್ಟೆ."

"ಅಷ್ಟು ವರ್ಷದ ಅಳತೆ ಎಲ್ಲಾ ನೀರಲ್ಲಿ ಹೋಮ ಆಯ್ತಲ್ಲ ದೊಡ್ಡಮ್ಮಾ" ಎಂದು ಹುಡುಗಿ ಪೇಚಾಡಿದಳು.

ಮುಂದಿನ ಸಲ ಹೋದಾಗ ಡಾಕ್ಟರು ಎಡಗಣ್ಣಿಗೂ ದಿನ ಗೊತ್ತುಮಾಡಲು ಹೊರಟರು.

"ಈಗ್ಲೇ ಬೇಡ ಡಾಕ್ಟ್ರೇ. ನಕ್ಷತ್ರ ಒಂದು ಸುತ್ತು ಮುಗಿಸ್ಲಿ."

"ಪೊರೆ ಇಟ್ಕೊಂಡು ಏನ್ಮಾಡ್ತೀರಮ್ಮಾ?"

"ಎರಡೂ ಕಣ್ಣಲ್ಲಿ ಅಳೆದು, ಈ ಪೊರೆ ಎಷ್ಟು ಸುಳ್ಳು ಹೇಳಿದೆ ಅಂತ ಅದನ್ನೇ ಕೇಳ್ಬೇಕು. ಗೊತ್ತಾದ್ರೆ ಹಳೇದನ್ನೆಲ್ಲ ತಿದ್ಬಹುದು. ಆಮೇಲೆ ತೆಗೆದುಬಿಡಿ."